ಒಂದೇ ಚುಕ್ಕೆ, ಎರಡು ಶಿಖರ: ತಿರುಗಲು ತಿಣುಕುವ ಆರೈಲ್ ಯೂರಿಯಾಗಳ ಬಗ್ಗೆ

ಪ್ರಶ್ನೆ: ನಾನು ಸಾವಯವ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೂರನೇ ವರ್ಷ. ಎರಡು ಆರೈಲ್ ಯೂರಿಯಾಗಳು (ಕಾರ್ಬನೈಲ್ ಎಂಬ C=O ಗುಂಪಿನ ಎರಡೂ ಬದಿ ನೈಟ್ರೋಜನ್, ಅದರ ಮೇಲೆ ಬೆಂಜೀನ್ ಉಂಗುರ ಇರುವ ಅಣುಗಳು) ನನ್ನನ್ನು ಗೊಂದಲಕ್ಕೆ ಕೆಡವಿವೆ. ಮೊದಲನೆಯದರಲ್ಲಿ ಒಂದು ನೈಟ್ರೋಜನ್ ಮೇಲೆ ಬೆಂಜೈಲ್ ಮತ್ತು 2-ಅಯೋಡೊಫೀನೈಲ್ ಗುಂಪುಗಳಿವೆ, ಇನ್ನೊಂದರ ಮೇಲೆ ಎರಡು ಮೀಥೈಲ್‌ಗಳಿವೆ. ಶುದ್ಧತೆ ನೋಡುವ ತೆಳುಪದರ ಪರೀಕ್ಷೆ ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ. ಆದರೆ ಅಣುವಿನ ಹೈಡ್ರೋಜನ್‌ಗಳನ್ನು ಅವುಗಳ ಪರಿಸರಕ್ಕೆ ತಕ್ಕಂತೆ ಗೆರೆಗಳಾಗಿ ತೋರಿಸುವ 400 ಮೆಗಾಹರ್ಟ್ಸ್ ಎನ್‌ಎಂಆರ್‌ನಲ್ಲಿ ಬೆಂಜೈಲ್‌ನ ಎರಡು ಹೈಡ್ರೋಜನ್‌ಗಳು ಒಂದೇ ಗೆರೆಯಾಗಿ ಬರುವ ಬದಲು 4.3 ಮತ್ತು 5.2 ಪಿಪಿಎಂನಲ್ಲಿ ಎರಡು ಡಬ್ಲೆಟ್‌ಗಳಾಗಿ (ಜೋಡಿ ಗೆರೆಗಳಾಗಿ) ಬರುತ್ತವೆ, ಎರಡಕ್ಕೂ ಕಪ್ಲಿಂಗ್ (ಜೋಡಿಯ ಗೆರೆಗಳ ನಡುವಿನ ಅಂತರ) 14 ಹರ್ಟ್ಸ್. ಡಿಎಂಎಸ್‌ಒ ದ್ರಾವಕದಲ್ಲಿ 120 ಡಿಗ್ರಿಯವರೆಗೆ ಬಿಸಿ ಮಾಡಿದರೂ ಅವು ಒಂದಾಗಲಿಲ್ಲ, ತುಸು ಅಗಲವಾದವು ಅಷ್ಟೆ. ಎಡಗೈ-ಬಲಗೈ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಂನಲ್ಲಿ ಎರಡು ಸಮನಾದ ಶಿಖರಗಳು ಬಂದವು, ಆದರೆ ಅವುಗಳ ನಡುವಿನ ಗೆರೆ ತಳಕ್ಕೆ ಇಳಿಯುವುದಿಲ್ಲ. ಮೊದಲ ಶಿಖರವನ್ನು ಹಿಡಿದು, ದ್ರಾವಕ ಆರಿಸಿ ಮತ್ತೆ ಹಾಕಿದರೆ ಮತ್ತೆ ಎರಡೂ ಸಮಸಮ! ಮಾರ್ಗದರ್ಶಕರು ವಸ್ತು ಶುದ್ಧವಾಗಿಲ್ಲ ಎನ್ನುತ್ತಾರೆ. ಹಿರಿಯ ಸಹೋದ್ಯೋಗಿಯೊಬ್ಬರು ಯೂರಿಯಾದ ಸಿ–ಎನ್ ಬಂಧ ಅರ್ಧ ದ್ವಿಬಂಧವಾದ್ದರಿಂದ ತಿರುಗುವುದಿಲ್ಲ, ಅದಕ್ಕೇ ಹೀಗೆ ಎನ್ನುತ್ತಾರೆ. ಎರಡನೆಯ ಯೂರಿಯಾದಲ್ಲಿ ಒಂದು ನೈಟ್ರೋಜನ್ ಮೇಲೆ ಬೆಂಜೈಲ್ ಮತ್ತು ಮೀಥೈಲ್, ಇನ್ನೊಂದರ ಮೇಲೆ 4-ಮೆಥಾಕ್ಸಿಫೀನೈಲ್ ಮತ್ತು ಮೀಥೈಲ್ ಇವೆ. ಬೆಂಜೈಲ್ ಕಾರ್ಬನ್ ಮೇಲೆ ಮೀಥೈಲ್ ಕೂರಿಸಲೆಂದು ಟಿಎಚ್‌ಎಫ್ ದ್ರಾವಕದಲ್ಲಿ, ಮೈನಸ್ 78 ಡಿಗ್ರಿಯಲ್ಲಿ, ಡಿಎಂಪಿಯು ಎಂಬ ಸಹದ್ರಾವಕದ ಜೊತೆ ಸೆಕೆಂಡರಿ ಬ್ಯೂಟೈಲ್ ಲಿಥಿಯಂ ಎಂಬ ಪ್ರಬಲ ಪ್ರತ್ಯಾಮ್ಲ ಹಾಕಿ ಎರಡು ಗಂಟೆ ಬಿಟ್ಟು, ಮೀಥೈಲ್ ಅಯೋಡೈಡ್ ಸೇರಿಸಿ ಹತ್ತು ನಿಮಿಷಕ್ಕೆ ಅಮೋನಿಯಂ ಕ್ಲೋರೈಡ್‌ನಿಂದ ನಿಲ್ಲಿಸಿದೆ. ಅಣುವಿನ ತೂಕ ಅಳೆಯುವ ಎಲ್‌ಸಿ-ಎಂಎಸ್‌ನಲ್ಲಿ ಆರಂಭದ ವಸ್ತುವಿನ ತೂಕವೇ ಕಾಣುತ್ತದೆ, ಆದರೆ ಟಿಎಲ್‌ಸಿ ಚುಕ್ಕೆ ಬೇರೆ ಎತ್ತರದಲ್ಲಿದೆ. ಏನಾಗಿದೆ? ಈ ಎರಡು ವಸ್ತುಗಳನ್ನು ಕೈಬಿಡಲೇ?

ಉತ್ತರ: ಕೈಬಿಡಬೇಡಿ. ನೀವು ಬರೆದಿರುವುದನ್ನೆಲ್ಲ ಒಂದಕ್ಕೊಂದು ತಾಳೆ ಹಾಕಿ ನೋಡಿದೆ. ನಿಮ್ಮ ಮೊದಲ ವಸ್ತು ಶುದ್ಧವಾಗಿದೆ, ಎರಡನೆಯ ಪ್ರಯೋಗ ನಡೆದಿದೆ. ನಿಮ್ಮ ಆತಂಕ ಎರಡು ಕಡೆಯಿಂದ ಬಂದಿದೆ: ಒಂದು ವಸ್ತು ಎರಡಾಗಿ ಕಾಣುತ್ತಿದೆ, ಇನ್ನೊಂದು ಬದಲಾಗಿದ್ದರೂ ಬದಲಾಗದಂತೆ ಕಾಣುತ್ತಿದೆ. ಎರಡಕ್ಕೂ ಮೂಲ ಒಂದೇ, ಅಣುವಿನ ಆಕಾರ. ಆರೈಲ್ ಯೂರಿಯಾದಲ್ಲಿ ತಿರುಗಬಲ್ಲ ಬಂಧಗಳು ಎರಡು ಬಗೆಯವು. ಅವುಗಳ ವೇಗವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕದೆ ಈ ಅಣುಗಳ ವರ್ತನೆ ಅರ್ಥವಾಗುವುದಿಲ್ಲ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತನ್ನು ತೆಗೆದುಕೊಳ್ಳೋಣ. ಅದರಲ್ಲಿ ಅರ್ಧ ಸತ್ಯವಿದೆ. ಕಾರ್ಬನೈಲ್‌ಗೆ ಒಂದೇ ನೈಟ್ರೋಜನ್ ಇರುವ ಅಮೈಡ್‌ನಲ್ಲಿ ನೈಟ್ರೋಜನ್‌ನ ಒಂಟಿ ಜೋಡಿ ಎಲೆಕ್ಟ್ರಾನ್‌ಗಳು ಕಾರ್ಬನೈಲ್ ಕಡೆಗೆ ಸರಿಯುವುದರಿಂದ ಸಿ–ಎನ್ ಬಂಧಕ್ಕೆ ದ್ವಿಬಂಧದ ಗುಣ ಬರುತ್ತದೆ. ಡಿಎಂಎಫ್ ಎಂಬ ಸರಳ ಅಮೈಡ್‌ನಲ್ಲಿ ಅದರ ತಿರುವಿಗೆ ಮೋಲ್‌ಗೆ ಸುಮಾರು 21 ಕಿಲೋಕ್ಯಾಲೊರಿ ತಡೆಯಿದೆ (ತಿರುಗಲು ದಾಟಬೇಕಾದ ಶಕ್ತಿಯ ದಿಬ್ಬ), ಹಾಗಾಗಿಯೇ ಅದರ ಎರಡು ಮೀಥೈಲ್‌ಗಳು ಕೋಣೆಯ ಉಷ್ಣತೆಯಲ್ಲಿ ಎರಡು ಗೆರೆಗಳಾಗಿ ಕಾಣುತ್ತವೆ. ಯೂರಿಯಾದಲ್ಲಿ ಒಂದೇ ಕಾರ್ಬನೈಲ್‌ಗೆ ಎರಡು ನೈಟ್ರೋಜನ್‌ಗಳು ಪೈಪೋಟಿ ನಡೆಸುತ್ತವೆ. ಒಂದು ಬಂಧ ತಿರುಗುವಾಗ ಅದರ ನೈಟ್ರೋಜನ್ ಕೈಬಿಟ್ಟ ಆಧಾರವನ್ನು ಇನ್ನೊಂದು ನೈಟ್ರೋಜನ್ ತುಂಬಿಕೊಡುತ್ತದೆ, ಆದ್ದರಿಂದ ತಡೆ ಅಮೈಡ್‌ಗಿಂತ ಬಹಳ ತಗ್ಗುತ್ತದೆ. ಟೆಟ್ರಾಮೀಥೈಲ್ ಯೂರಿಯಾದ ನಾಲ್ಕೂ ಮೀಥೈಲ್‌ಗಳು ಕೋಣೆಯ ಉಷ್ಣತೆಯಲ್ಲಿ ಒಂದೇ ಗೆರೆಯಾಗಿ ಬರುವುದು ಇದಕ್ಕಾಗಿಯೇ.

ಇದರ ಸಾಕ್ಷಿ ನಿಮ್ಮ ವಸ್ತುವಿನಲ್ಲೇ ಇದೆ. ಅದರ ಎರಡು ಎನ್-ಮೀಥೈಲ್‌ಗಳು ಎಲ್ಲಿ ಬಂದಿವೆ ಎಂದು ನೀವು ಬರೆದಿಲ್ಲ. ಸ್ಪೆಕ್ಟ್ರಮ್ ತೆರೆದು 2.6 ಪಿಪಿಎಂ ಆಸುಪಾಸಿನಲ್ಲಿ ನೋಡಿ, ಆರು ಹೈಡ್ರೋಜನ್‌ಗಳ ಒಂದೇ ಗೆರೆ ಇರುತ್ತದೆ. ಸಿ–ಎನ್ ಬಂಧ ನಿಂತಿದ್ದರೆ ಆ ಎರಡು ಮೀಥೈಲ್‌ಗಳು ಬೇರೆ ಬೇರೆಯಾಗಿ ಕಾಣಬೇಕಿತ್ತು. ಅವು ಒಂದಾಗಿರುವಾಗಲೇ ಬೆಂಜೈಲ್‌ನ ಹೈಡ್ರೋಜನ್‌ಗಳು ಎರಡಾಗಿವೆ. ಅಂದರೆ ಕಾರ್ಬನೈಲ್ ಕಡೆಯ ಬಂಧ ಬೇಗ ತಿರುಗುತ್ತಿದೆ, ನಿಧಾನವಾಗಿರುವುದು ನೈಟ್ರೋಜನ್ ಮತ್ತು ಬೆಂಜೀನ್ ಉಂಗುರದ ನಡುವಿನ ಬಂಧ. ಅದು ದ್ವಿಬಂಧದ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ.

ಮೇಜಿನ ಮೇಲೆ ಒಂದು ಹಾಳೆ ಹಾಸಿ, ಅದರ ಅಂಚಿಗೆ ತಾಗಿದಂತೆ ಒಂದು ರಟ್ಟಿನ ಪುಸ್ತಕವನ್ನು ಅಡ್ಡಲಾಗಿ, ಲಂಬವಾಗಿ ನಿಲ್ಲಿಸಿ. ಹಾಳೆ ಯೂರಿಯಾದ ಸಮತಲ, ಪುಸ್ತಕ ಅಯೋಡಿನ್ ಹೊತ್ತ ಉಂಗುರ. ಒಂದೇ ಸಮತಲಕ್ಕೆ ಬಂದರೆ ಅಯೋಡಿನ್ ಒಂದು ಕಡೆ ಬೆಂಜೈಲ್‌ಗೆ, ಇನ್ನೊಂದು ಕಡೆ ಕಾರ್ಬನೈಲ್‌ಗೆ ಡಿಕ್ಕಿ ಹೊಡೆಯುತ್ತದೆ, ಹಾಗಾಗಿ ಉಂಗುರ ಎದ್ದು ನಿಲ್ಲುತ್ತದೆ. ಅಯೋಡಿನ್ ಹಾಳೆಯ ಮೇಲೆ ಇರಬಹುದು ಅಥವಾ ಕೆಳಗೆ ಇರಬಹುದು. ಈ ಎರಡು ರೂಪಗಳು ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬ. ಕಾರ್ಬನ್ ಕೇಂದ್ರವೇ ಇಲ್ಲದೆ, ಬರೀ ತಿರುವಿನ ತಡೆಯಿಂದ ಹುಟ್ಟುವ ಇಂಥ ಜೋಡಿಯನ್ನು ಕ್ರಿಸ್ಟಿ ಮತ್ತು ಕೆನರ್ 1922ರಲ್ಲಿ ಬೈಫೀನೈಲ್‌ಗಳಲ್ಲಿ ಬೇರ್ಪಡಿಸಿ ತೋರಿಸಿದರು. ‘ತಿರುಗದ’ ಎಂಬ ಅರ್ಥದ ಗ್ರೀಕ್ ಪದದಿಂದ ಅಟ್ರೋಪೈಸೋಮರ್ ಎಂಬ ಹೆಸರನ್ನು ರಿಚರ್ಡ್ ಕೂನ್ 1933ರಲ್ಲಿ ಕೊಟ್ಟರು. ನಿಮ್ಮ ಬೆಂಜೈಲ್‌ನ ಎರಡು ಹೈಡ್ರೋಜನ್‌ಗಳಲ್ಲಿ ಒಂದು ಅಯೋಡಿನ್ ಇರುವ ಬದಿಯಲ್ಲಿದೆ, ಇನ್ನೊಂದು ಎದುರು ಬದಿಯಲ್ಲಿದೆ. ಅವು ನೋಡುವ ಪರಿಸರವೇ ಬೇರೆ, ಹಾಗಾಗಿ ಗೆರೆಗಳೂ ಬೇರೆ.

ಮಾರ್ಗದರ್ಶಕರಿಗೆ ಮಾತಿನಿಂದ ಒಪ್ಪಿಸುವ ಬದಲು ಯಾವ ಹೈಡ್ರೋಜನ್ ಯಾವ ಕಾರ್ಬನ್ ಮೇಲಿದೆ ಎಂದು ತೋರಿಸುವ ಎಚ್‌ಎಸ್‌ಕ್ಯೂಸಿ ಸ್ಪೆಕ್ಟ್ರಮ್ ಒಂದನ್ನು ತೆಗೆದು ಮುಂದಿಡಿ. 4.3 ಮತ್ತು 5.2ರ ಡಬ್ಲೆಟ್‌ಗಳೆರಡೂ ಒಂದೇ ಕಾರ್ಬನ್‌ಗೆ ಜೋಡಿಸಿಕೊಂಡಿರುವುದು ಅದರಲ್ಲಿ ಕಾಣುತ್ತದೆ. ಬೆರಕೆ ವಸ್ತುವಿನ ಹೈಡ್ರೋಜನ್ ನಿಮ್ಮ ವಸ್ತುವಿನ ಕಾರ್ಬನ್ ಮೇಲೆ ಕೂರಲು ಸಾಧ್ಯವಿಲ್ಲ. ಎರಡು ರೂಪಗಳು ಪ್ರತಿಬಿಂಬಗಳಾದ್ದರಿಂದ ಸಾಮಾನ್ಯ ದ್ರಾವಕದಲ್ಲಿ ಎರಡಕ್ಕೂ ಒಂದೇ ಸ್ಪೆಕ್ಟ್ರಮ್ ಬರುತ್ತದೆ ಎಂಬುದನ್ನೂ ನೆನಪಿಡಿ: ನೀವು ನೋಡುತ್ತಿರುವ ಎರಡು ಡಬ್ಲೆಟ್‌ಗಳು ಎರಡು ಐಸೋಮರ್‌ಗಳದ್ದಲ್ಲ, ಪ್ರತಿ ಅಣುವಿನಲ್ಲೂ ಇರುವ ಎರಡು ಹೈಡ್ರೋಜನ್‌ಗಳದ್ದು. ಪ್ರತಿಯೊಂದು ಗೆರೆಯೂ 85ಕ್ಕೆ 15ರಂಥ ಅಸಮ ಪ್ರಮಾಣದಲ್ಲಿ ಇಮ್ಮಡಿಯಾಗಿದ್ದರೆ ಆಗ ಕಾರ್ಬನೈಲ್ ಕಡೆಯ ಬಂಧವನ್ನೋ ಬೆರಕೆಯನ್ನೋ ಅನುಮಾನಿಸಬೇಕಿತ್ತು.

ಈಗ 120 ಡಿಗ್ರಿಯ ಪ್ರಯೋಗಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಪ್ರಯೋಗಾಲಯಗಳಲ್ಲಿ ಬೇರೂರಿದೆ. ಅಷ್ಟು ಬಿಸಿಯಲ್ಲೂ ಗೆರೆಗಳು ಒಂದಾಗಲಿಲ್ಲ, ಆದ್ದರಿಂದ ಎರಡು ರೂಪಗಳು ಬೇರ್ಪಡಿಸಿ ಬಾಟಲಿಯಲ್ಲಿಡುವಷ್ಟು ಗಟ್ಟಿ ಎಂದು ತೀರ್ಮಾನಿಸಿಬಿಡುತ್ತಾರೆ. ನಿಮ್ಮ ಎರಡು ಡಬ್ಲೆಟ್‌ಗಳ ನಡುವಿನ ಅಂತರ 400 ಮೆಗಾಹರ್ಟ್ಸ್‌ನಲ್ಲಿ 360 ಹರ್ಟ್ಸ್. ಅವು ಬೆರೆಯಬೇಕಾದರೆ ಬಂಧ ಸೆಕೆಂಡಿಗೆ ಸುಮಾರು 800 ಬಾರಿ ತಿರುಗಬೇಕು. 120 ಡಿಗ್ರಿಯಲ್ಲಿ ಆ ವೇಗ ಬರಲು ತಡೆ ಸುಮಾರು 18 ಕಿಲೋಕ್ಯಾಲೊರಿ ಇರಬೇಕು. ಆದ್ದರಿಂದ ನಿಮ್ಮ ಪ್ರಯೋಗ ಹೇಳುವುದು ತಡೆ 18ಕ್ಕಿಂತ ಹೆಚ್ಚು ಎಂಬುದನ್ನಷ್ಟೆ. 18 ಕಿಲೋಕ್ಯಾಲೊರಿ ತಡೆಯಿರುವ ಅಣುವಿನ ಅರ್ಧಾಯು 25 ಡಿಗ್ರಿಯಲ್ಲಿ ಎರಡು ಸೆಕೆಂಡು ಕೂಡ ಇಲ್ಲ! ಬಿಸಿ ಎನ್‌ಎಂಆರ್‌ನಲ್ಲಿ ಅಲುಗದಂತೆ ಕಂಡ ಅಣು ಬಾಟಲಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚಿಕೊಳ್ಳಬಹುದು. ಎನ್‌ಎಂಆರ್ ಅಳೆಯುವ ಕಾಲಮಾನ ಬೇರೆ, ಬಾಟಲಿಯ ಕಾಲಮಾನ ಬೇರೆ.

ನಿಮ್ಮ ಅಣುವಿನ ತಡೆ 18ಕ್ಕಿಂತ ಸಾಕಷ್ಟು ಮೇಲಿದೆ ಎಂಬುದನ್ನು ಕೈರಲ್ ಕಾಲಂ ಹೇಳುತ್ತಿದೆ. ಎರಡು ಶಿಖರಗಳ ನಡುವೆ ಸೇತುವೆಯಂತೆ ಎತ್ತಿಕೊಂಡ ಗೆರೆ ಇದ್ದರೆ, ಕೆಲವು ಅಣುಗಳು ಕಾಲಂ ಒಳಗೆ ಸಾಗುತ್ತಿರುವಾಗಲೇ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮಗುಚಿಕೊಂಡಿವೆ ಎಂದರ್ಥ. ಹತ್ತು ಹದಿನೈದು ನಿಮಿಷದ ಓಟದಲ್ಲಿ ಹೀಗಾಗಬೇಕಾದರೆ ತಡೆ ಸುಮಾರು 21ರಿಂದ 22 ಕಿಲೋಕ್ಯಾಲೊರಿ ಇರಬೇಕು. 120 ಡಿಗ್ರಿಯಲ್ಲಿ ಗೆರೆಗಳು ತುಸು ಮಾತ್ರ ಅಗಲವಾಗಿದ್ದೂ ಇದಕ್ಕೆ ಸರಿಹೊಂದುತ್ತದೆ. ಅಟ್ರೋಪೈಸೋಮರ್ ಎನ್ನಿಸಿಕೊಳ್ಳಲು ಅರ್ಧಾಯು ಕನಿಷ್ಠ 1000 ಸೆಕೆಂಡು ಇರಬೇಕು ಎಂದು ಮಿಚಿನೋರಿ ಓಕಿ 1983ರಲ್ಲಿ ಹಾಕಿದ ಗೆರೆ 27 ಡಿಗ್ರಿಯಲ್ಲಿ ಸುಮಾರು 22.3 ಕಿಲೋಕ್ಯಾಲೊರಿಗೆ ಸಮ. ನಿಮ್ಮ ವಸ್ತು ಆ ಗಡಿಯ ಮೇಲೆಯೇ ಕುಳಿತಿದೆ.

ತಡೆ 22 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 25 ಡಿಗ್ರಿಯಲ್ಲಿ ಅರ್ಧಾಯು ಸುಮಾರು 25 ನಿಮಿಷ, 5 ಡಿಗ್ರಿಯಲ್ಲಿ ಆರೂವರೆ ಗಂಟೆ, 40 ಡಿಗ್ರಿಯಲ್ಲಿ ನಾಲ್ಕೇ ನಿಮಿಷ. ಇದು ಒಂದು ದಿಕ್ಕಿನ ತಿರುವಿನ ಲೆಕ್ಕ. ಒಂದು ಕೈಯ ಮೇಲುಗೈ ಅರ್ಧಕ್ಕೆ ಇಳಿಯಲು ಇದರ ಅರ್ಧ ಹೊತ್ತು ಸಾಕು, ಏಕೆಂದರೆ ಮಗುಚಿದ ಪ್ರತಿ ಅಣುವೂ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡುತ್ತದೆ. ಈಗ ಹೇಳಿ, ಹಿಡಿದ ಶಿಖರದ ದ್ರಾವಕವನ್ನು ನೀವು ಎಲ್ಲಿ ಆರಿಸಿದಿರಿ? ರೋಟಾವೇಪರ್‌ನ ನೀರಿನ ತೊಟ್ಟಿ ಸಾಮಾನ್ಯವಾಗಿ 40 ಡಿಗ್ರಿಯಲ್ಲಿರುತ್ತದೆ. ಅರ್ಧ ಗಂಟೆ ಅಲ್ಲಿ ಫ್ಲಾಸ್ಕ್ ತಿರುಗಿದರೆ ಕಾಲಂ ಮಾಡಿಕೊಟ್ಟ ಬೇರ್ಪಡಿಕೆ ಪೂರ್ತಿ ಅಳಿದಿರುತ್ತದೆ. ನಾನೂ ಇಂಥದೇ ಒಂದು ಅನಿಲೈಡ್‌ನೊಂದಿಗೆ (ನೈಟ್ರೋಜನ್ ಮೇಲೆ ಬೆಂಜೀನ್ ಉಂಗುರವಿರುವ ಅಮೈಡ್) ಒಂದು ವಾರ ಹೀಗೆ ಕಳೆದಿದ್ದೇನೆ. ಪ್ರತಿದಿನ ಶುದ್ಧ ಶಿಖರ ಕೈಗೆ ಬರುತ್ತಿತ್ತು, ಪ್ರತಿ ಸಂಜೆ ಸಮಸಮ ಮಿಶ್ರಣವಾಗುತ್ತಿತ್ತು. ಕಾಲಂ ಕೆಟ್ಟಿದೆ ಎಂದುಕೊಂಡು ಅದನ್ನೇ ಬದಲಾಯಿಸಿದ್ದೆ. ಕಡೆಗೆ ಹಿಡಿದ ದ್ರಾವಣವನ್ನು ಆರಿಸದೆ, ಐಸ್ ಮೇಲಿಟ್ಟು ನೇರವಾಗಿ ಮತ್ತೆ ಹಾಕಿದಾಗ ಒಂದೇ ಶಿಖರ ನಿಂತಿತು. ನೀವೂ ಮೊದಲು ಅದನ್ನೇ ಮಾಡಿ.

ಎರಡನೆಯ ಯೂರಿಯಾಕ್ಕೆ ಬೇರೆ ವಿವರಣೆ ಬೇಕು. ಅದರ ಮೆಥಾಕ್ಸಿ ಉಂಗುರದಲ್ಲಿ ಆರ್ಥೋ ಸ್ಥಾನಗಳು (ನೈಟ್ರೋಜನ್ ಕೂತ ಕಾರ್ಬನ್‌ನ ಅಕ್ಕಪಕ್ಕದವು) ಖಾಲಿ ಇರುವುದರಿಂದ ಉಂಗುರ ಸರಾಗವಾಗಿ ತಿರುಗುತ್ತದೆ, ಅಟ್ರೋಪೈಸೋಮರ್ ಮಾತೇ ಬರುವುದಿಲ್ಲ. ಆದರೆ ಇಡೀ ಅಣು ಹೇಗೆ ಮಡಚಿಕೊಂಡಿದೆ ಎಂಬುದು ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಎರಡೂ ನೈಟ್ರೋಜನ್‌ಗಳ ಮೇಲೆ ಹೈಡ್ರೋಜನ್ ಇರುವ ಡೈಫೀನೈಲ್ ಯೂರಿಯಾ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಉಂಗುರಗಳು ಎರಡು ತುದಿಗಳಲ್ಲಿ ಇರುತ್ತವೆ. ಆ ಹೈಡ್ರೋಜನ್‌ಗಳ ಜಾಗಕ್ಕೆ ಮೀಥೈಲ್ ಹಾಕಿದ ಕೂಡಲೇ ಅಣು ಮಡಚಿಕೊಂಡು, ಎರಡು ಉಂಗುರಗಳೂ ಕಾರ್ಬನೈಲ್ ಆಕ್ಸಿಜನ್‌ನ ವಿರುದ್ಧ ಬದಿಗೆ ಬಂದು ಮುಖಾಮುಖಿ ನಿಲ್ಲುತ್ತವೆ. ಕೋಯಿಚಿ ಶುಡೋ ಮತ್ತು ಅವರ ಜೊತೆಗಾರರು ಜಪಾನಿನಲ್ಲಿ ಇದನ್ನು ಸ್ಫಟಿಕಗಳಲ್ಲಿ ವಿವರವಾಗಿ ತೋರಿಸಿದ್ದಾರೆ. (ಹೀಗೆ ಮಡಚಿಕೊಂಡ ಡೈಮೀಥೈಲ್ ಡೈಫೀನೈಲ್ ಯೂರಿಯಾ ಹೊಸ ಅಣುವೇನಲ್ಲ; ಸೆಂಟ್ರಲೈಟ್ ಎಂಬ ಹೆಸರಿನಲ್ಲಿ ಹೊಗೆರಹಿತ ಮದ್ದುಪುಡಿ ಕೆಡದಂತೆ ಸೇರಿಸುತ್ತಿದ್ದ ವಸ್ತುಗಳಲ್ಲಿ ಅದೂ ಒಂದು.)

ನಿಮ್ಮ ಎರಡನೆಯ ಯೂರಿಯಾದಲ್ಲೂ ಮೆಥಾಕ್ಸಿಫೀನೈಲ್ ಹೊತ್ತ ನೈಟ್ರೋಜನ್ ಮೇಲೆ ಮೀಥೈಲ್ ಇದೆ, ಆದ್ದರಿಂದ ಆ ಉಂಗುರ ಆಕ್ಸಿಜನ್‌ಗೆ ಬೆನ್ನು ಮಾಡಿ, ಇನ್ನೊಂದು ನೈಟ್ರೋಜನ್‌ನ ಗುಂಪುಗಳ ಪಕ್ಕದಲ್ಲೇ ನಿಂತಿದೆ. ಬ್ಯೂಟೈಲ್ ಲಿಥಿಯಂ ಬೆಂಜೈಲ್‌ನ ಒಂದು ಹೈಡ್ರೋಜನ್ ಕಸಿದುಕೊಂಡಾಗ ಅಲ್ಲಿ ಋಣ ಆವೇಶದ ಕಾರ್ಬನ್, ಅಂದರೆ ಕಾರ್ಬಾನಯಾನ್, ಹುಟ್ಟುತ್ತದೆ, ಮತ್ತು ಅದರ ಕೈಗೆಟುಕುವಲ್ಲಿಯೇ ಮೆಥಾಕ್ಸಿ ಉಂಗುರ ಇರುತ್ತದೆ. ಕಾರ್ಬಾನಯಾನ್ ಆ ಉಂಗುರದ ನೈಟ್ರೋಜನ್ ಕೂತಿರುವ ಕಾರ್ಬನ್ ಮೇಲೆ ದಾಳಿ ಮಾಡುತ್ತದೆ, ಉಂಗುರ ನೈಟ್ರೋಜನ್ ಬಿಟ್ಟು ಕಾರ್ಬನ್‌ಗೆ ಬರುತ್ತದೆ. ಜೊನಾಥನ್ ಕ್ಲೇಡನ್ ಅವರ ತಂಡ ಮ್ಯಾಂಚೆಸ್ಟರ್‌ನಿಂದ 2007ರಲ್ಲಿ ಪ್ರಕಟಿಸಿದ್ದು ಇದೇ ವಲಸೆಯನ್ನು. ಎಲೆಕ್ಟ್ರಾನ್ ತುಂಬಿದ ಮೆಥಾಕ್ಸಿ ಉಂಗುರದ ಮೇಲೆ ಕಾರ್ಬಾನಯಾನ್ ದಾಳಿ ಮಾಡುವುದಿಲ್ಲ, ಅದಕ್ಕೆ ನೈಟ್ರೋ ಗುಂಪಿನಂಥದ್ದು ಬೇಕು ಎಂದು ನಾವೆಲ್ಲ ಓದಿದ್ದೇವೆ. ಎರಡು ಅಣುಗಳು ಬಿಡಿಬಿಡಿಯಾಗಿ ಸೇರುವಾಗ ಅದು ಸರಿಯೇ. ಇಲ್ಲಿ ಯೂರಿಯಾದ ಮಡಿಕೆ ಎರಡನ್ನೂ ಎದುರುಬದುರು ಹಿಡಿದು ನಿಲ್ಲಿಸಿರುವುದರಿಂದ ಆ ನಿಯಮ ಸಡಿಲವಾಗುತ್ತದೆ. ಬೆಂಜೈಲ್ ಕಾರ್ಬನ್ ಮೇಲೆ ಇನ್ನೊಂದು ಗುಂಪಿದ್ದು ಅದು ಒಂದೇ ಕೈಯದಾಗಿದ್ದರೆ, ವಲಸೆಯ ನಂತರವೂ ಆ ಕಾರ್ಬನ್‌ನ ಕೈ ಬದಲಾಗದೆ ಉಳಿಯುತ್ತದೆ.

ವಲಸೆಯಲ್ಲಿ ಪರಮಾಣುಗಳು ಜಾಗ ಬದಲಿಸುತ್ತವೆಯೇ ಹೊರತು ಒಂದೂ ಕೂಡುವುದಿಲ್ಲ, ಕಳೆಯುವುದಿಲ್ಲ. ತೂಕ ಅದೇ, ಚುಕ್ಕೆ ಬೇರೆ ಎಂಬ ನಿಮ್ಮ ಒಗಟಿಗೆ ಇದೇ ಉತ್ತರ. ಎನ್‌ಎಂಆರ್‌ನಲ್ಲಿ ಮೂರು ಗುರುತು ಹುಡುಕಿ: ಬೆಂಜೈಲ್‌ನ ಎರಡು ಹೈಡ್ರೋಜನ್‌ಗಳ ಗೆರೆ ಮಾಯವಾಗಿ 6.5 ಪಿಪಿಎಂ ಬಳಿ ಒಂದೇ ಹೈಡ್ರೋಜನ್‌ನ ಗೆರೆ ಬಂದಿರಬೇಕು. ಒಂದು ಎನ್-ಮೀಥೈಲ್ ಸುಮಾರು 5 ಹರ್ಟ್ಸ್‌ನ ಡಬ್ಲೆಟ್ ಆಗಿರಬೇಕು, ಏಕೆಂದರೆ ಈಗ ಅದರ ನೈಟ್ರೋಜನ್ ಮೇಲೆ ಹೈಡ್ರೋಜನ್ ಇದೆ. ಆ ಎನ್‌ಎಚ್‌ನ ಅಗಲವಾದ ಗೆರೆ 4.5ರ ಆಸುಪಾಸಿನಲ್ಲಿರಬೇಕು. ಮೀಥೈಲ್ ಅಯೋಡೈಡ್ ಸುಮ್ಮನಿದ್ದುದಕ್ಕೂ ಕಾರಣ ಇದೇ. ನೀವು ಅದನ್ನು ಸೇರಿಸುವ ಹೊತ್ತಿಗೆ ಋಣ ಆವೇಶ ಕಾರ್ಬನ್ ಬಿಟ್ಟು ಯೂರಿಯಾದ ನೈಟ್ರೋಜನ್‌ಗೆ ಹೋಗಿತ್ತು, ಮತ್ತು ಅಷ್ಟು ತಣ್ಣಗೆ ಹತ್ತು ನಿಮಿಷದಲ್ಲಿ ಅದು ಮೀಥೈಲ್ ತೆಗೆದುಕೊಳ್ಳಲಿಲ್ಲ. ಒಂದು ವೇಳೆ ನೀವು ಫ್ಲಾಸ್ಕನ್ನು ಕೋಣೆಯ ಉಷ್ಣತೆಗೆ ಏರಲು ಬಿಟ್ಟಿದ್ದರೆ ನೈಟ್ರೋಜನ್ ಮೇಲೆ ಮೀಥೈಲ್ ಕೂರುತ್ತಿತ್ತು, ತೂಕ 14 ಹೆಚ್ಚಾಗಿ, ನೀವು ಬಯಸಿದ ವಸ್ತುವಿನ ತೂಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಆಗ ತಪ್ಪು ರಚನೆಯನ್ನು ನಂಬಿಕೊಂಡು ಮುಂದಿನ ಮೂರು ಹಂತ ಹೋಗಿಬಿಡುವ ಅಪಾಯ ಇತ್ತು. ಯೂರಿಯಾಗಳ ಲಿಥಿಯೇಶನ್‌ನಲ್ಲಿ (ಹೈಡ್ರೋಜನ್ ತೆಗೆದು ಲಿಥಿಯಂ ಕೂರಿಸುವಾಗ) ತೂಕವೊಂದನ್ನೇ ನಂಬಬೇಡಿ.

ಹಾಗಿದ್ದರೆ ಏನು ಮಾಡಬಹುದು? ಎರಡನೆಯ ಯೂರಿಯಾದಲ್ಲಿ ಬೆಂಜೈಲ್ ಕಾರ್ಬನ್ ಮೇಲೆ ಮೀಥೈಲ್ ಬೇಕೇ ಬೇಕೆಂದಿದ್ದರೆ ಡಿಎಂಪಿಯು ಬಿಟ್ಟುಬಿಡಿ. ಅದೂ ಒಂದು ಯೂರಿಯಾವೇ. ವಿಷಕಾರಿ ಸಹದ್ರಾವಕ ಎಚ್‌ಎಂಪಿಎಗೆ ಬದಲಾಗಿ ಡೀಟರ್ ಜೀಬಾಖ್ 1982ರಲ್ಲಿ ಮುಂದಿಟ್ಟದ್ದು. ಲಿಥಿಯಂ ಅನ್ನು ತನ್ನತ್ತ ಸೆಳೆದು ಕಾರ್ಬಾನಯಾನ್‌ಗೆ ಬಲ ಕೊಡುವುದೇ ಅದರ ಕೆಲಸ, ಹಾಗಾಗಿ ಅದು ವಲಸೆಯನ್ನೂ ಚುರುಕುಗೊಳಿಸುತ್ತದೆ. ಅದಿಲ್ಲದೆ, ಕಡಿಮೆ ಹೊತ್ತು ಲಿಥಿಯೇಟ್ ಮಾಡಿ, ಮೈನಸ್ 78ರಲ್ಲೇ ಮೀಥೈಲ್ ಅಯೋಡೈಡ್ ಸೇರಿಸಿದರೆ ಸೆರೆ ಸಿಗುವ ಸಂಭವ ಹೆಚ್ಚು. ಆದರೆ ಲಿಥಿಯೇಶನ್ ಅಪೂರ್ಣವಾಗಿ ಆರಂಭದ ವಸ್ತು ಉಳಿಯಬಹುದು, ಮಿಶ್ರಣವೂ ಬರಬಹುದು. ನನ್ನ ಸಲಹೆ ಬೇರೆ. ನಿಮ್ಮ ಕೈಗೆ ತಾನಾಗಿ ಬಂದಿರುವ ವಲಸೆಯ ಉತ್ಪನ್ನವನ್ನು ನೋಡಿ: ಯೂರಿಯಾವನ್ನು ಒಡೆದರೆ ಎರಡು ಬೇರೆ ಬೇರೆ ಉಂಗುರಗಳಿರುವ ಡೈಆರೈಲ್‌ಮೀಥೈಲ್ ಅಮೈನ್ ಸಿಗುತ್ತದೆ, ಬೇರೆ ದಾರಿಯಲ್ಲಿ ಅದನ್ನು ಕಟ್ಟುವುದು ಸುಲಭವಲ್ಲ.

ಮೊದಲ ಯೂರಿಯಾದಲ್ಲಿ ಆಯ್ಕೆಗಳು ಹೆಚ್ಚು, ತೊಡಕುಗಳೂ ಹೆಚ್ಚು. ಕಾಲಂ ಮತ್ತು ದ್ರಾವಕವನ್ನು 5 ಡಿಗ್ರಿಗೆ ಇಳಿಸಿ ಬೇರ್ಪಡಿಸಿದರೆ ಸೇತುವೆ ಕರಗಿ ಶಿಖರಗಳು ಬಿಡಿಯಾಗುತ್ತವೆ, ದ್ರಾವಕವನ್ನು ಐಸ್ ತೊಟ್ಟಿಯಲ್ಲಿ ನಿರ್ವಾತದಲ್ಲಿ ತೆಗೆಯಬಹುದು. ತಡೆಯನ್ನು ಅಳೆಯಲು ಇದು ಸಾಕು, ದಾಸ್ತಾನು ಮಾಡಲು ಸಾಲದು. ದಾಸ್ತಾನು ಬೇಕಿದ್ದರೆ ಅಯೋಡಿನ್‌ಗೆ ಎದುರಿನ ಆರ್ಥೋ ಸ್ಥಾನದಲ್ಲೂ ಒಂದು ಮೀಥೈಲ್ ಹಾಕಬೇಕು. ಆಗ ಉಂಗುರ ಯಾವ ದಿಕ್ಕಿಗೆ ತಿರುಗಿದರೂ ದೊಡ್ಡ ಗುಂಪೊಂದು ಅಡ್ಡ ಬರುತ್ತದೆ, ತಡೆ ಗಣನೀಯವಾಗಿ ಏರುತ್ತದೆ. ತಡೆ 27 ಆದರೆ 25 ಡಿಗ್ರಿಯಲ್ಲಿ ಅರ್ಧಾಯು 80 ದಿನದಷ್ಟು, 30 ಆದರೆ ಮೂವತ್ತು ವರ್ಷಕ್ಕೂ ಹೆಚ್ಚು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಅಷ್ಟು ಇಕ್ಕಟ್ಟಾದ ಅನಿಲೀನ್ ಯೂರಿಯಾ ಕಟ್ಟಲು ಬೇಕಾದ ಕಾರ್ಬಮಾಯ್ಲ್ ಕ್ಲೋರೈಡ್ ಜೊತೆ ಸುಲಭಕ್ಕೆ ಸೇರುವುದಿಲ್ಲ, ಇಳುವರಿ ಕುಸಿಯುತ್ತದೆ.

ಮೂರನೆಯ ದಾರಿ ನನಗೆ ಹೆಚ್ಚು ಇಷ್ಟವಾದದ್ದು. ಬೇರ್ಪಡಿಸಿದ ರೂಪವನ್ನು ಇಟ್ಟುಕೊಳ್ಳುವ ಬದಲು, ಮಗುಚುವ ಮೊದಲೇ ಬಳಸಿಬಿಡುವುದು. ಪಿಟ್ಸ್‌ಬರ್ಗ್‌ನ ಡೆನಿಸ್ ಕರನ್ ಅವರ ತಂಡ 1999ರಲ್ಲಿ ಆರ್ಥೋ-ಹ್ಯಾಲೊ ಅನಿಲೈಡ್‌ಗಳಲ್ಲಿ ಇದನ್ನು ಮಾಡಿತು: ಹ್ಯಾಲೊಜನ್ ಕಿತ್ತು ಹುಟ್ಟಿಸಿದ, ಒಂಟಿ ಎಲೆಕ್ಟ್ರಾನ್ ಹೊತ್ತ ರ್‍ಯಾಡಿಕಲ್, ಬಂಧ ತಿರುಗುವುದಕ್ಕಿಂತ ಬೇಗ ಉಂಗುರ ಕಟ್ಟಿಕೊಂಡಿತು, ಅಕ್ಷದ ಕೈ ಹೊಸ ಕಾರ್ಬನ್ ಕೇಂದ್ರಕ್ಕೆ ದಾಟಿತು. ಕಾರ್ಬನ್ ಕೇಂದ್ರ ಆಮೇಲೆ ಮಗುಚುವುದಿಲ್ಲ. ನಿಮ್ಮ ಯೂರಿಯಾದಲ್ಲೂ ಮೈನಸ್ 78ರಲ್ಲಿ ಅಯೋಡಿನ್ ಜಾಗಕ್ಕೆ ಲಿಥಿಯಂ ತಂದು ಆಲ್ಡಿಹೈಡ್ ಒಂದಕ್ಕೆ ಸೇರಿಸಿದರೆ ಅಕ್ಷ ಮತ್ತು ಹೊಸ ಕೇಂದ್ರ ಸೇರಿ ಎರಡು ಡಯಾಸ್ಟೀರಿಯೋಮರ್‌ಗಳು (ಒಂದಕ್ಕೊಂದು ಪ್ರತಿಬಿಂಬವಲ್ಲದ ರೂಪಗಳು) ಬರುತ್ತವೆ. ತಣ್ಣಗೆ ತೆಗೆದಾಗಿನ ಪ್ರಮಾಣ ಕ್ರಿಯೆಯ ಆಯ್ಕೆಯನ್ನು ತೋರಿಸುತ್ತದೆ. ಬಿಸಿ ಮಾಡಿದ ಮೇಲಿನ ಪ್ರಮಾಣ ಯಾವ ರೂಪ ಹೆಚ್ಚು ಸ್ಥಿರ ಎಂಬುದನ್ನು ತೋರಿಸುತ್ತದೆ. ಎರಡನ್ನೂ ಅಳೆಯಿರಿ, ಒಂದನ್ನು ಇನ್ನೊಂದೆಂದು ವರದಿ ಮಾಡಬೇಡಿ. ಅಪಾಯಗಳೂ ಇವೆ. ಅಯೋಡಿನ್‌ಗಿಂತ ಲಿಥಿಯಂ ಹೊತ್ತ ಉಂಗುರದ ತಡೆ ಬೇರೆಯಾಗಿರಬಹುದು. ಲಿಥಿಯಂ ಪಕ್ಕದ ಬೆಂಜೈಲ್‌ಗೆ ಜಾರಬಹುದು. ಫ್ಲಾಸ್ಕ್ ಬೆಚ್ಚಗಾದರೆ ಕಾರ್ಬಮಾಯ್ಲ್ ಗುಂಪು ನೈಟ್ರೋಜನ್‌ನಿಂದ ಉಂಗುರಕ್ಕೆ ವಲಸೆ ಹೋಗಬಹುದು. ಟರ್ಷರಿ ಬ್ಯೂಟೈಲ್ ಲಿಥಿಯಂ ಬಳಸುವುದಾದರೆ ಗಾಳಿ ತಗುಲಿದೊಡನೆ ಹೊತ್ತಿಕೊಳ್ಳುವ ಆ ದ್ರಾವಣವನ್ನು ಒಬ್ಬರೇ ಇರುವಾಗ ಸಿರಿಂಜಿಗೆ ಎಳೆಯಬೇಡಿ.

ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಮಾರ್ಗದರ್ಶಕರು ಕೇಳಬಹುದು. ಔಷಧ ರಂಗ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಲಾಪ್ಲಾಂಟ್ ಮತ್ತು ಸಂಗಡಿಗರು 2011ರಲ್ಲಿ ತಡೆ 20ಕ್ಕಿಂತ ಕಡಿಮೆ ಇರುವವು, 20ರಿಂದ 30ರ ನಡುವಿನವು, 30ಕ್ಕಿಂತ ಹೆಚ್ಚಿನವು ಎಂದು ಅಣುಗಳನ್ನು ಮೂರು ವರ್ಗ ಮಾಡಿದರು. ನಡುವಿನ ವರ್ಗವೇ ಅತಿ ತೊಡಕಿನದು, ಏಕೆಂದರೆ ಅದು ಬಾಟಲಿಯಲ್ಲೂ ದೇಹದಲ್ಲೂ ನಿಧಾನವಾಗಿ ಬದಲಾಗುತ್ತಿರುತ್ತದೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಶ್ವಾಸಕೋಶ ಕ್ಯಾನ್ಸರ್‌ನ ಔಷಧ ಸೊಟೊರಾಸಿಬ್‌ನಲ್ಲಿ, ಉಂಗುರದೊಳಗಿನ ಯೂರಿಯಾವನ್ನು ಹೋಲುವ ಭಾಗದ ನೈಟ್ರೋಜನ್ ಮೇಲೆ ಎರಡೂ ಆರ್ಥೋ ಸ್ಥಾನ ತುಂಬಿದ ಪಿರಿಡೀನ್ ಉಂಗುರವಿದೆ, ಮತ್ತು ಒಂದೇ ಅಟ್ರೋಪೈಸೋಮರ್ ಆಗಿ ಅದನ್ನು ತಯಾರಿಸಲಾಗುತ್ತದೆ. ಭಾರತದಲ್ಲಿ 1951ರಲ್ಲಿ ಮೊದಲು ತಯಾರಾದ ನಿದ್ರೆಯ ಔಷಧ ಮೆಥಾಕ್ವಲೋನ್‌ನಲ್ಲೂ ನೈಟ್ರೋಜನ್ ಮೇಲಿನ ಟೊಲೈಲ್ ಉಂಗುರ ಹೀಗೆಯೇ ಸಿಕ್ಕಿಕೊಂಡಿದೆ. ಎರಡು ಕೈಗಳಿವೆ ಎಂಬುದನ್ನು ಬೇರ್ಪಡಿಸಿ ತೋರಿಸಿದ್ದು ಬಹಳ ವರ್ಷಗಳ ನಂತರ.

ಕೆಲಸವನ್ನು ಈ ಕ್ರಮದಲ್ಲಿ ಹಿಡಿಯಿರಿ. ಮೊದಲು ಎಚ್‌ಎಸ್‌ಕ್ಯೂಸಿ. ಆಮೇಲೆ ಹಿಡಿದ ಶಿಖರವನ್ನು ಆರಿಸದೆ ಐಸ್ ಮೇಲಿಟ್ಟು, 25 ಡಿಗ್ರಿಯ ತೊಟ್ಟಿಗೆ ಹಾಕಿ ಪ್ರತಿ ಐದು ನಿಮಿಷಕ್ಕೊಮ್ಮೆ ತಣ್ಣನೆಯ ಕಾಲಂಗೆ ಹಾಕಿ ನೋಡಿ. ಎರಡನೆಯ ಶಿಖರ ಏರುವ ವೇಗದಿಂದ ತಡೆ ನೇರವಾಗಿ ಸಿಗುತ್ತದೆ. ಅದು ನಾನು ಅಂದಾಜಿಸಿದ 22ರಿಂದ ಒಂದು ಕಿಲೋಕ್ಯಾಲೊರಿಗಿಂತ ಹೆಚ್ಚು ದೂರವಿದ್ದರೆ ದಯವಿಟ್ಟು ಸಂಖ್ಯೆಗಳ ಸಮೇತ ಮತ್ತೆ ಬರೆಯಿರಿ, ಮೇಲಿನ ಸಮಯದ ಲೆಕ್ಕಗಳನ್ನೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ.